ಗಣಕಯಂತ್ರದ ನುಡಿಗೆ ವಾಕ್ ಸ್ವಾತಂತ್ರ್ಯವುಂಟೆ? ವರ್ತಕರ ದೃಷ್ಟಿಯಿಂದ ಒಂದು ಅಧ್ಯಯನ

ಶಹಾಬಾದದಲ್ಲಿ ಫರಸಿ ಕಲ್ಲಿನ ಪಾಲಿಶ್ ಘಟಕ ನಡೆಸುವ ನನ್ನ ಕಕ್ಷಿದಾರರೊಬ್ಬರು ಎರಡು ವರ್ಷಗಳ ಹಿಂದೆ, ಮಾರ್ಚ್ ತಿಂಗಳ ಲೆಕ್ಕ ಮುಗಿಸುವ ಗಡಿಬಿಡಿಯ ನಡುವೆ ನನ್ನ ಕಚೇರಿಗೆ ಬಂದು ತಮ್ಮ ಮೊಬೈಲನ್ನು ಮೇಜಿನ ಮೇಲಿಟ್ಟರು. ಅಂತರ್ಜಾಲದ ನಕ್ಷೆಯೊಂದರಲ್ಲಿ ಅವರ ಘಟಕದ ಹೆಸರಿನ ಕೆಳಗೆ ‘ಶಾಶ್ವತವಾಗಿ ಮುಚ್ಚಲಾಗಿದೆ’ ಎಂದು ಕೆಂಪು ಅಕ್ಷರಗಳಲ್ಲಿ ನಮೂದಾಗಿತ್ತು. ಘಟಕವಾದರೋ ಆ ದಿನವೂ ನಡೆಯುತ್ತಿತ್ತು. ಅವರ ಅಂಗಿಯ ಮೇಲೆ ಕಲ್ಲಿನ ಪುಡಿ ಇನ್ನೂ ಇತ್ತು. ಹೈದರಾಬಾದು ಮತ್ತು ಸೋಲಾಪುರದ ಹೊಸ ಖರೀದಿದಾರರು ನಕ್ಷೆಯನ್ನು ನೋಡಿ ಬೇರೆಯವರ ಬಳಿಗೆ ಹೋದದ್ದು ಅವರಿಗೆ ತಿಂಗಳೆರಡು ಕಳೆದ ಮೇಲೆ ತಿಳಿಯಿತು. “ಸಾಹೇಬ್ರ, ಬಾಗಿಲಾ ತೆಗ್ಯಾಂವ ನಾನು, ಹಾಕಾಂವ ನಾನು. ಮುಚ್ಚ್ಯಾದ ಅಂತ ಹೇಳ್ಲಾಕ ಇಂವ ಯಾರ್ರೀ?” ಎಂಬುದು ಅವರ ಪ್ರಶ್ನೆಯಾಗಿತ್ತು.

ಸದರಿ ಸಂಸ್ಥೆಗೆ ದೂರು ಬರೆದಾಗ ಬಂದ ಉತ್ತರದ ಸಾರಾಂಶ ಇಷ್ಟು: ಈ ಮಾಹಿತಿಯನ್ನು ಯಾವ ನೌಕರನೂ ಬರೆದಿಲ್ಲ, ಅನೇಕ ಮೂಲಗಳಿಂದ ಬಂದ ಸಂಕೇತಗಳನ್ನು ಆಧರಿಸಿ ಗಣಕಯಂತ್ರವು ತಾನಾಗಿ ರೂಪಿಸಿದೆ. ಹಾಗಾದರೆ ಆ ಎರಡು ಪದಗಳನ್ನು ಆಡಿದವರು ಯಾರು? ಅದು ‘ಮಾತು’ ಆಗುವುದಾದರೆ ಸಂವಿಧಾನವು ಮಾತಿಗೆ ನೀಡುವ ರಕ್ಷಣೆ ಅದಕ್ಕೂ ದೊರೆಯುವುದೆ? ದೊರೆಯುವುದಾದರೆ ನಮ್ಮ ವರ್ತಕನ ಗತಿಯೇನು? ದೊರೆಯದಿದ್ದರೆ, ಇದೇ ತರ್ಕವನ್ನು ಹಿಡಿದು ಸರಕಾರವು ನಾಳೆ ವರ್ತಕನ ಸ್ವಂತ ಗಣಕದ ಬಾಯಿಯನ್ನೂ ಮುಚ್ಚಿಸಬಹುದಲ್ಲವೆ? ವಕೀಲರ ಕ್ಷೇತ್ರದ ಈ ಪ್ರಶ್ನೆಯನ್ನು ಲೆಕ್ಕಪರಿಶೋಧಕನು ಕೈಗೆತ್ತಿಕೊಳ್ಳುವುದು ಅಧಿಕಪ್ರಸಂಗವೆಂದು ಕೆಲವರಿಗೆ ತೋರಬಹುದು. ಆದರೆ ಇಂದು ವರ್ತಕನ ಸಂಗಡ ಅತಿ ಹೆಚ್ಚು ಮಾತನಾಡುವುದು ಗಣಕವೇ ಆಗಿರುವುದರಿಂದ, ಮತ್ತು ಆ ಮಾತುಗಳ ಕಾಗದಗಳೆಲ್ಲ ಕೊನೆಗೆ ಬಂದು ಬೀಳುವುದು ನಮ್ಮ ಮೇಜಿನ ಮೇಲೆಯೇ ಆದುದರಿಂದ, ಈ ಪ್ರಯತ್ನ.

ಅಮೆರಿಕದಲ್ಲಿ ಹುಟ್ಟಿದ ವಾದ

ಈ ವಾದ ಮೊದಲು ನ್ಯಾಯಾಲಯದ ಮೆಟ್ಟಿಲೇರಿದ್ದು ಒಂದು ವ್ಯಾಪಾರಿ ತಂಟೆಯಿಂದಲೇ ಎಂಬುದು ಗಮನಾರ್ಹ. ಒಕ್ಲಹಾಮ ರಾಜ್ಯದ ‘ಸರ್ಚ್ ಕಿಂಗ್’ ಎಂಬ ಜಾಹೀರಾತು ಸಂಸ್ಥೆಗೆ ಗೂಗಲ್ ಶೋಧಕ ಯಂತ್ರವು ನೀಡಿದ್ದ ಶ್ರೇಯಾಂಕ 2002ರಲ್ಲಿ ಏಕಾಏಕಿ ಕುಸಿಯಿತು. ವ್ಯಾಪಾರ ಕೆಟ್ಟಿತೆಂದು ಸಂಸ್ಥೆ ದಾವೆ ಹೂಡಿತು. 2003ರಲ್ಲಿ ಅಲ್ಲಿನ ಫೆಡರಲ್ ನ್ಯಾಯಾಲಯವು ಶ್ರೇಯಾಂಕವೆಂಬುದು ಒಂದು ಅಭಿಪ್ರಾಯ, ಅಭಿಪ್ರಾಯಕ್ಕೆ ಅಮೆರಿಕದ ಸಂವಿಧಾನದ ಮೊದಲನೆಯ ತಿದ್ದುಪಡಿಯ ರಕ್ಷಣೆಯಿದೆ ಎಂದು ಹೇಳಿ ದಾವೆಯನ್ನು ವಜಾ ಮಾಡಿತು. ಶ್ರೇಯಾಂಕವನ್ನು ಲೆಕ್ಕ ಹಾಕಿದ್ದು ಗಣಿತದ ಸೂತ್ರವೇ ಇರಲಿ, ಆ ಸೂತ್ರವನ್ನು ಬರೆದವರು ಮನುಷ್ಯರು ಎಂಬುದು ಈ ವಾದದ ತಿರುಳು.

2012ರಲ್ಲಿ ಕಾನೂನು ಪ್ರಾಧ್ಯಾಪಕ ಯೂಜೀನ್ ವೊಲೊಕ್ ಅವರು ಗೂಗಲ್ ಸಂಸ್ಥೆಯ ಕೋರಿಕೆಯ ಮೇರೆಗೆ ಇದೇ ವಾದವನ್ನು ವಿಸ್ತರಿಸಿ ಪ್ರಬಂಧ ಬರೆದರು: ಸಂಪಾದಕನು ಪತ್ರಿಕೆಯ ಮುಖಪುಟಕ್ಕೆ ಸುದ್ದಿ ಆರಿಸುವಂತೆಯೇ ಶೋಧಕ ಯಂತ್ರವು ಫಲಿತಾಂಶಗಳನ್ನು ಆರಿಸುತ್ತದೆ. ಅದೇ ವರ್ಷ ಕೊಲಂಬಿಯ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಟಿಮ್ ವು ಅವರು ಪತ್ರಿಕಾ ಲೇಖನವೊಂದರಲ್ಲಿ ಇದನ್ನು ಬಲವಾಗಿ ವಿರೋಧಿಸಿದರು. ಯಂತ್ರದ ನಿರ್ಣಯವನ್ನು ಮಾತೆಂದು ಕರೆದರೆ, ಗ್ರಾಹಕ ಸಂರಕ್ಷಣೆಗಾಗಲಿ ಸ್ಪರ್ಧೆಯ ರಕ್ಷಣೆಗಾಗಲಿ ಮಾಡಿದ ಕಾನೂನುಗಳೆಲ್ಲ ವಾಕ್ ಸ್ವಾತಂತ್ರ್ಯದ ಗೋಡೆಗೆ ಬಡಿದು ಬೀಳುತ್ತವೆ ಎಂಬುದು ಅವರ ಆತಂಕ. ಆದರೂ 2014ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯವು ಚೀನಾದ ಬೈದು ಶೋಧಕ ಯಂತ್ರದ ಪರವಾಗಿಯೇ ತೀರ್ಪಿತ್ತಿತು. ಚೀನಾದಲ್ಲಿ ಪ್ರಜಾಪ್ರಭುತ್ವ ಬೇಕೆನ್ನುವ ಬರಹಗಳನ್ನು ಫಲಿತಾಂಶಗಳಿಂದ ಮರೆಮಾಚಿದ್ದೂ ಸಹ ಬೈದುವಿನ ವಾಕ್ ಸ್ವಾತಂತ್ರ್ಯವಾಯಿತು! ಮಾತನ್ನು ಅಡಗಿಸುವುದೂ ಒಂದು ಬಗೆಯ ಮಾತೆಂಬ ಈ ನಿಲುವು ನನಗೆ ಇಂದಿಗೂ ಅರಗದ ತುತ್ತು.

ಇತ್ತೀಚೆಗೆ ಅಲ್ಲಿಯೂ ಗಾಳಿ ಬದಲಾಗುತ್ತಿದೆ. 2024ರ ಜುಲೈನಲ್ಲಿ ನೆಟ್‌ಚಾಯ್ಸ್ ಪ್ರಕರಣದಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಇತರರ ಬರಹಗಳನ್ನು ಆಯ್ದು ಜೋಡಿಸುವುದು ಅಭಿವ್ಯಕ್ತಿಯೇ ಎಂದಿತಾದರೂ, ಬಳಕೆದಾರನ ನಡವಳಿಕೆಯನ್ನಷ್ಟೇ ನೋಡಿ ತಾನಾಗಿ ಬಡಿಸುವ ಆಲ್ಗಾರಿದಮಿನ ಪ್ರಶ್ನೆಯನ್ನು ಮುಟ್ಟದೆ ಬಿಟ್ಟಿತು. 2025ರ ಮೇ ತಿಂಗಳಲ್ಲಿ ಫ್ಲಾರಿಡಾದ ನ್ಯಾಯಾಧೀಶರೊಬ್ಬರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಸಂಭಾಷಣಾ ಯಂತ್ರದೊಂದಿಗೆ ಮಾತಿಗೆ ಬಿದ್ದ ಬಾಲಕನೊಬ್ಬ ಪ್ರಾಣ ಕಳೆದುಕೊಂಡನೆಂದು ತಾಯಿ ಹೂಡಿದ ದಾವೆಯಲ್ಲಿ, ಯಂತ್ರದ ಉತ್ತರಗಳಿಗೆ ವಾಕ್ ಸ್ವಾತಂತ್ರ್ಯವಿದೆಯೆಂದು ಕಂಪನಿ ವಾದಿಸಿತು. ಆ ಉತ್ತರಗಳು ‘ಮಾತು’ ಎಂದು ಈ ಹಂತದಲ್ಲಿ ಹೇಳಲು ತಾವು ಸಿದ್ಧರಿಲ್ಲವೆಂದು ನ್ಯಾಯಾಧೀಶರು ದಾವೆಯನ್ನು ಮುಂದುವರಿಸಲು ಬಿಟ್ಟರು.

ನಮ್ಮ ಸಂವಿಧಾನದ ಹಾದಿ ಬೇರೆ

ಅಮೆರಿಕದ ಮೊದಲನೆಯ ತಿದ್ದುಪಡಿಯು ಮಾತನಾಡುವವನು ಯಾರೆಂದು ಹೇಳುವುದಿಲ್ಲ. ವಾಕ್ ಸ್ವಾತಂತ್ರ್ಯವನ್ನು ಕುಗ್ಗಿಸುವ ಕಾನೂನನ್ನು ಮಾಡಕೂಡದು ಎಂದಷ್ಟೇ ಹೇಳುತ್ತದೆ. ನಮ್ಮ ಸಂವಿಧಾನದ 19(1)(ಎ) ವಿಧಿಯಾದರೋ ಮೊದಲು ಹಕ್ಕುದಾರನನ್ನು ಹೆಸರಿಸುತ್ತದೆ. ಆ ಹಕ್ಕು ‘ಎಲ್ಲ ನಾಗರಿಕರಿಗೆ’ ಸೇರಿದ್ದು. ಈ ಎರಡು ಪದಗಳ ಬೆಲೆ ಎಷ್ಟೆಂಬುದನ್ನು ತೋರಿಸಿಕೊಟ್ಟದ್ದು ಒಂದು ಮಾರಾಟ ತೆರಿಗೆಯ ಪ್ರಕರಣ ಎಂಬುದನ್ನು ನಮ್ಮ ವರ್ತಕ ಬಾಂಧವರು ಬಲ್ಲರೋ ಇಲ್ಲವೋ. ವಿಶಾಖಪಟ್ಟಣದ ವಾಣಿಜ್ಯ ತೆರಿಗೆ ಅಧಿಕಾರಿಯ ವಿರುದ್ಧ ಸ್ಟೇಟ್ ಟ್ರೇಡಿಂಗ್ ಕಾರ್ಪೊರೇಷನ್ ಹೋಗಿದ್ದ ಆ ಪ್ರಕರಣದಲ್ಲಿ, 1963ರಲ್ಲಿ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಕಂಪನಿಯು ಕಾನೂನಿನ ಕಣ್ಣಿನಲ್ಲಿ ವ್ಯಕ್ತಿಯಾದರೂ ನಾಗರಿಕನಲ್ಲ, ಆದುದರಿಂದ 19ನೆಯ ವಿಧಿಯ ಹಕ್ಕುಗಳನ್ನು ತಾನಾಗಿ ಕೇಳಲಾರದು ಎಂದು ಬಹುಮತದಿಂದ ತೀರ್ಮಾನಿಸಿತು. ಸಂಪೂರ್ಣ ಷೇರು ಸರಕಾರದ್ದೇ ಆಗಿದ್ದ ಕಂಪನಿಗೂ ಆ ಬಾಗಿಲು ತೆರೆಯಲಿಲ್ಲ.

ಮುಂದೆ 1972ರ ಬೆನೆಟ್ ಕೋಲ್ಮನ್ ಪ್ರಕರಣದಲ್ಲಿ, ಮುದ್ರಣ ಕಾಗದದ ನಿಯಂತ್ರಣವನ್ನು ಪ್ರಶ್ನಿಸಿ ಪತ್ರಿಕಾ ಸಂಸ್ಥೆಗಳು ಬಂದಾಗ, ನ್ಯಾಯಾಲಯವು ಪಕ್ಕದ ಕಿಂಡಿಯೊಂದನ್ನು ತೆರೆಯಿತು: ಕಂಪನಿ ನಾಗರಿಕನಲ್ಲದಿದ್ದರೂ ಅದರ ಷೇರುದಾರ, ಸಂಪಾದಕ, ಮುದ್ರಕರು ನಾಗರಿಕರೇ, ಅವರ ಮಾತು ಹೊರಬರುವುದು ಪತ್ರಿಕೆಯ ಮೂಲಕವೇ, ಆದುದರಿಂದ ಪತ್ರಿಕೆಗೆ ಪೆಟ್ಟು ಬಿದ್ದರೆ ಹಕ್ಕಿಗೆ ಪೆಟ್ಟು ಬಿದ್ದಂತೆ. ಯಂತ್ರದ ಪ್ರಶ್ನೆಗೂ ಇದೇ ಬೀಗದ ಕೈ ಹೊಂದುತ್ತದೆಂಬುದು ನನ್ನ ಅಭಿಪ್ರಾಯ. ಕಂಪನಿಯೇ ನಾಗರಿಕನಲ್ಲದಿದ್ದ ಮೇಲೆ ಕಂಪನಿ ಖರೀದಿಸಿದ ಯಂತ್ರವು ನಾಗರಿಕನಾಗುವ ಮಾತೆಲ್ಲಿ? ಕೇಳಬೇಕಾದ್ದು ಯಂತ್ರದ ಹಿಂದೆ ಯಾವ ನಾಗರಿಕನು ಏನನ್ನು ಹೇಳಲು ಹೊರಟಿದ್ದಾನೆ ಎಂಬುದನ್ನು ಮಾತ್ರ.

ಈ ಚರ್ಚೆಗೆ ಅತಿ ಸಮೀಪ ಬಂದ ಪ್ರಕರಣ ನಮ್ಮ ರಾಜ್ಯದ್ದೇ. ಹಿಂದೆ ಟ್ವಿಟರ್ ಎನಿಸಿಕೊಂಡಿದ್ದ ಎಕ್ಸ್ ಕಾರ್ಪ್ ಸಂಸ್ಥೆಯು ಕರ್ನಾಟಕ ಉಚ್ಚ ನ್ಯಾಯಾಲಯದಲ್ಲಿ ಎರಡು ಸಲ ಸೋತಿದೆ. ಖಾತೆಗಳನ್ನು ತಡೆಹಿಡಿಯಬೇಕೆಂಬ ಕೇಂದ್ರದ ಆದೇಶಗಳನ್ನು ಪ್ರಶ್ನಿಸಿದ ಮೊದಲ ಅರ್ಜಿಯನ್ನು 2023ರ ಜೂನ್ 30ರಂದು ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಅವರು 50 ಲಕ್ಷ ರೂಪಾಯಿಗಳ ವೆಚ್ಚ ವಿಧಿಸಿ ವಜಾ ಮಾಡಿದರು. ಎರಡನೆಯದು ‘ಸಹಯೋಗ್’ ಜಾಲತಾಣಕ್ಕೆ ಸಂಬಂಧಿಸಿದ್ದು. ಮಾಹಿತಿ ತಂತ್ರಜ್ಞಾನ ಕಾಯಿದೆಯ 79(3)(ಬಿ) ಕಲಮಿನ ಅಡಿಯಲ್ಲಿ ವಿಷಯವನ್ನು ತೆಗೆದುಹಾಕಲು ಸರಕಾರದ ನಾನಾ ಅಧಿಕಾರಿಗಳು ಸೂಚನೆ ಕಳುಹಿಸುವುದಕ್ಕಾಗಿ ಗೃಹ ಮಂತ್ರಾಲಯವು ಅದನ್ನು ನಿರ್ಮಿಸಿದೆ. ಇದರ ವಿಚಾರಣೆಯಲ್ಲಿ 2025ರ ಜುಲೈನಲ್ಲಿ ಒಂದು ಸ್ವಾರಸ್ಯಕರ ಪ್ರಸಂಗ ನಡೆಯಿತು. ಸಾಲಿಸಿಟರ್ ಜನರಲ್ ತುಷಾರ್ ಮೆಹ್ತಾ ಅವರು ‘ಸುಪ್ರೀಂ ಕೋರ್ಟ್ ಆಫ್ ಕರ್ನಾಟಕ’ ಎಂಬ, ಲೋಕದಲ್ಲೇ ಇಲ್ಲದ ನ್ಯಾಯಾಲಯದ ಹೆಸರಿನಲ್ಲಿ ತೆರೆದ ಖಾತೆಯೊಂದಕ್ಕೆ ಸಂಸ್ಥೆಯು ದೃಢೀಕರಣದ ಮುದ್ರೆ ಒತ್ತಿದ್ದನ್ನು ನ್ಯಾಯಾಲಯಕ್ಕೆ ತೋರಿಸಿದರು. ‘ದೃಢೀಕೃತ’ ಎಂದು ಹೇಳಿದ್ದು ಯಾರು, ಮನುಷ್ಯನೋ ಯಂತ್ರವೋ? ನಮ್ಮ ಶಹಾಬಾದದ ‘ಮುಚ್ಚಲಾಗಿದೆ’ ಎಂಬ ಮುದ್ರೆಯ ಒಡಹುಟ್ಟೇ ಇದು.

2025ರ ಸೆಪ್ಟೆಂಬರ್ 24ರಂದು ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು ಅರ್ಜಿಯನ್ನು ವಜಾ ಮಾಡಿದರು. 19ನೆಯ ವಿಧಿಯು ನಾಗರಿಕರ ಹಕ್ಕಿನ ಸನ್ನದು, ನಾಗರಿಕರಲ್ಲದವರು ಅದರ ಆಶ್ರಯ ಪಡೆಯಲಾರರು. ಅಮೆರಿಕದ ನ್ಯಾಯಚಿಂತನೆಯನ್ನು ತಂದು ಭಾರತದ ಸಂವಿಧಾನದ ಮಣ್ಣಿನಲ್ಲಿ ನಾಟಿ ಮಾಡಲಾಗದು. ಇವು ತೀರ್ಪಿನ ಮುಖ್ಯ ಮಾತುಗಳು. ಮೇಲ್ಮನವಿ ಸಲ್ಲಿಸುವುದಾಗಿ ಸಂಸ್ಥೆಯು ಪ್ರಕಟಿಸಿತು. ಯಂತ್ರದ ಉತ್ಪನ್ನ ಮಾತೋ ಅಲ್ಲವೋ ಎಂಬುದು ಇಲ್ಲಿ ನೇರ ವಿವಾದವಾಗಿರಲಿಲ್ಲ ಎಂಬುದನ್ನು ಓದುಗರು ನೆನಪಿಡಬೇಕು. ಆದರೆ ಹಕ್ಕುದಾರನು ಯಾರೆಂದು ಮೊದಲು ಕೇಳಬೇಕೆಂಬ ಕ್ರಮವನ್ನು ತೀರ್ಪು ಗಟ್ಟಿಗೊಳಿಸಿದೆ.

ಬೇಗನೆ ಸಂತೋಷಪಡುವಂತಿಲ್ಲ

ಯಂತ್ರಕ್ಕೆ ಹಕ್ಕಿಲ್ಲ, ನಮ್ಮ ಕಕ್ಷಿದಾರರು ಗೆದ್ದರು ಎಂದು ಇಲ್ಲಿಗೆ ಪುಸ್ತಕ ಮುಚ್ಚಬಹುದಿತ್ತು. ಆದರೆ ಖಾತೆಯ ಇನ್ನೊಂದು ಬದಿಯನ್ನೂ ನೋಡಬೇಕು.

ಸೇಡಂನ ದಾಲ್ ಮಿಲ್ ಮಾಲೀಕರೊಬ್ಬರು ಪ್ರತಿ ಮುಂಜಾನೆ ಲಾತೂರು, ಅಕೋಲಾ, ಕಲಬುರಗಿ ಮಾರುಕಟ್ಟೆಗಳ ತೊಗರಿ ದರವನ್ನು ಗಣಕದಿಂದ ಒಟ್ಟುಗೂಡಿಸಿ ತಮ್ಮ ಇನ್ನೂರು ಗಿರಾಕಿಗಳಿಗೆ ವಾಟ್ಸಾಪ್ ಮೂಲಕ ತಾನಾಗಿ ಹೋಗುವಂತೆ ಮಾಡಿಕೊಂಡಿದ್ದಾರೆ. ಒಮ್ಮೆ ವ್ಯವಸ್ಥೆ ಮಾಡಿದ ಮೇಲೆ ಅವರು ಅದನ್ನು ಮುಟ್ಟುವುದಿಲ್ಲ. ನಾಳೆ ಯಾವನೋ ಅಧಿಕಾರಿಯು ದರ ಏರುತ್ತಿರುವ ಸುದ್ದಿಯಿಂದ ದಾಸ್ತಾನು ಹೆಚ್ಚುತ್ತದೆಂದು ಹೇಳಿ ಅದನ್ನು ನಿಲ್ಲಿಸಲು ಆಜ್ಞಾಪಿಸಿದರೆ, ‘ಇದು ಗಣಕದ ಉತ್ಪನ್ನ, ನಿಮ್ಮ ಮಾತಲ್ಲ’ ಎಂಬ ಉತ್ತರ ನಮಗೆ ಒಪ್ಪಿಗೆಯಾದೀತೆ?

ಇಲ್ಲಿ ನೆರವಿಗೆ ಬರುವುದು 1995ರ ಟಾಟಾ ಪ್ರೆಸ್ ತೀರ್ಪು. ಟಾಟಾ ಪ್ರೆಸ್ ಹೊರತರುತ್ತಿದ್ದ ಹಳದಿ ಪುಟಗಳನ್ನು, ಅಂದರೆ ವರ್ತಕರ ಜಾಹೀರಾತುಗಳ ಸಂಕಲನವನ್ನು, ಮಹಾನಗರ ಟೆಲಿಫೋನ್ ನಿಗಮವು ತಡೆಯಲು ಹೊರಟಿತ್ತು. ಜಾಹೀರಾತು ಎಂಬುದೂ ಮಾತೇ, ಅದಕ್ಕೂ 19(1)(ಎ) ವಿಧಿಯ ರಕ್ಷಣೆಯುಂಟು, ಅದನ್ನು ಓದಿ ತಿಳಿಯುವ ಹಕ್ಕು ಗ್ರಾಹಕರಿಗೂ ಉಂಟು, ಆದರೆ ಮೋಸದ, ದಾರಿತಪ್ಪಿಸುವ, ಸುಳ್ಳು ಜಾಹೀರಾತನ್ನು ಸರಕಾರವು ನಿಯಂತ್ರಿಸಬಹುದು ಎಂದು ಸರ್ವೋಚ್ಚ ನ್ಯಾಯಾಲಯ ಹೇಳಿತು. ಹೆಸರು, ವಿಳಾಸ, ಫೋನ್ ಸಂಖ್ಯೆಗಳ ಒಣ ಪಟ್ಟಿಯೂ ಮಾತಾಗಬಲ್ಲದೆಂದ ಮೇಲೆ, ಅಂಥ ಪಟ್ಟಿಯನ್ನು ಅಕ್ಷರ ಜೋಡಿಸುವವನು ಮಾಡಿದನೋ ಗಣಕ ಮಾಡಿತೋ ಎಂಬುದರಿಂದ ಮಹಾ ವ್ಯತ್ಯಾಸವಾಗಬಾರದು. ಅದೇ ವರ್ಷದ ಬಂಗಾಳ ಕ್ರಿಕೆಟ್ ಸಂಸ್ಥೆಯ ಪ್ರಕರಣದಲ್ಲಿ, ಮಾಹಿತಿಯನ್ನು ಪಡೆಯುವುದೂ ವಾಕ್ ಸ್ವಾತಂತ್ರ್ಯದ ಒಂದು ಅಂಗವೆಂದು ನ್ಯಾಯಾಲಯ ಒಪ್ಪಿತ್ತು. ಹೀಗಾಗಿ ಯಂತ್ರಕ್ಕೆ ಹಕ್ಕಿಲ್ಲವೆಂದ ಮಾತ್ರಕ್ಕೆ ಅದರ ಉತ್ಪನ್ನವನ್ನೆಲ್ಲ ಸರಕಾರವು ಮನಬಂದಂತೆ ಅಳಿಸಬಹುದೆಂದು ಅರ್ಥವಲ್ಲ. ತೊಗರಿಯ ದರವನ್ನು ತಿಳಿಯುವ ಹಕ್ಕು ಚಿಂಚೋಳಿಯ ರೈತನದು, ವಾಡಿಯ ಕಿರಾಣಿ ವ್ಯಾಪಾರಿಯದು. ಅವರಿಬ್ಬರೂ ನಾಗರಿಕರು.

ಸರಕಾರವೇ ಸತ್ಯಾಸತ್ಯದ ತೀರ್ಪುಗಾರನಾಗುವ ಅಪಾಯವನ್ನೂ ಅಲಕ್ಷಿಸಲಾಗದು. ತನ್ನ ಆಡಳಿತಕ್ಕೆ ಸಂಬಂಧಿಸಿದ ಸುದ್ದಿ ಸುಳ್ಳೆಂದು ಗುರುತಿಸಲು ಕೇಂದ್ರ ಸರಕಾರವು ನಿಯಮಗಳಲ್ಲಿ ಸೇರಿಸಿಕೊಂಡಿದ್ದ ಸತ್ಯಪರಿಶೋಧನಾ ಘಟಕವನ್ನು ಮುಂಬಯಿ ಉಚ್ಚ ನ್ಯಾಯಾಲಯವು 2024ರ ಸೆಪ್ಟೆಂಬರಿನಲ್ಲಿ ರದ್ದುಪಡಿಸಿದ್ದು ಈ ಕಾರಣದಿಂದಲೇ.

ಹಾಗಾದರೆ ಗೆರೆಯನ್ನು ಎಲ್ಲಿ ಎಳೆಯುವುದು? ನನ್ನ ಮಟ್ಟಿಗೆ ಮೊದಲ ಗೆರೆ ಮಾತಿಗೂ ಕೃತ್ಯಕ್ಕೂ ನಡುವೆ. ನಮ್ಮ ಕೃಷಿ ಮಾರುಕಟ್ಟೆಗಳಲ್ಲಿ 2014ರಿಂದ ಏಕೀಕೃತ ಮಾರುಕಟ್ಟೆ ವೇದಿಕೆಯ ಮೂಲಕ ಗಣಕ ಟೆಂಡರ್ ಬಂದಿದೆ. ಅಡತಿಯ ಮುಂದೆ ಸುರಿದ ರಾಶಿಗೆ ಖರೀದಿದಾರರು ದರ ನಮೂದಿಸುತ್ತಾರೆ, ವೇಳೆ ಮುಗಿದೊಡನೆ ಗಣಕವು ಅತಿ ಹೆಚ್ಚು ದರ ಹಾಕಿದವನ ಹೆಸರನ್ನು ಸಾರುತ್ತದೆ. ಈ ಸಾರುವಿಕೆ ಅಭಿಪ್ರಾಯವಲ್ಲ, ವ್ಯವಹಾರವನ್ನು ಕುದುರಿಸುವ ಕೃತ್ಯ. ಲಾರಿ ತೂಕದ ಕಾಟಾದಿಂದ ಹೊರಬರುವ ಚೀಟಿಯೂ ಹಾಗೆಯೇ. ತಪ್ಪು ತೂಕ ತೋರಿಸಿದ ಕಾಟಾ ವಾಕ್ ಸ್ವಾತಂತ್ರ್ಯ ಕೇಳಿದರೆ ನಗೆಪಾಟಲಾದೀತು. ‘ಈ ಘಟಕ ಮುಚ್ಚಿದೆ’ ಎಂಬುದು ಸತ್ಯಾಸತ್ಯ ಪರೀಕ್ಷಿಸಬಹುದಾದ ಒಂದು ಸಂಗತಿ, ಅಭಿಪ್ರಾಯವಲ್ಲ. ‘ಈ ಘಟಕ ಐದರಲ್ಲಿ ಮೂರು ನಕ್ಷತ್ರಕ್ಕೆ ಯೋಗ್ಯ’ ಎಂದರೆ ಅಭಿಪ್ರಾಯದ ಛಾಯೆ ಬಂತು. ಆದರೆ ಅಭಿಪ್ರಾಯಕ್ಕೆ ಒಬ್ಬ ಧಣಿ ಬೇಕು. ‘ನಾನು ಹೇಳಿದ್ದು’ ಎಂದು ಎದ್ದು ನಿಲ್ಲುವವನಿಗೆ ಮಾತ್ರ ‘ಹೇಳುವ ಹಕ್ಕು ನನಗಿದೆ’ ಎನ್ನುವ ಯೋಗ್ಯತೆ. ದೂರು ಬಂದಾಗ ‘ಇದು ಯಂತ್ರ ಮಾಡಿದ್ದು, ನಮಗೆ ತಿಳಿಯದು’ ಎಂದೂ, ನಿಯಂತ್ರಣ ಬಂದಾಗ ‘ಇದು ನಮ್ಮ ಸಂಪಾದಕೀಯ ವಿವೇಚನೆ’ ಎಂದೂ ಒಂದೇ ಬಾಯಿಂದ ಹೇಳುವುದು, ಒಂದೇ ವೋಚರನ್ನು ಎರಡು ಕಡೆ ಖರ್ಚು ಹಾಕಿದಂತೆ. ಅದನ್ನು ಯಾವ ಲೆಕ್ಕಪರಿಶೋಧಕನೂ ಒಪ್ಪಲಾರ.

ಭಾರತದ ಶಾಸನದಲ್ಲಿ ಈ ತತ್ತ್ವ ಆಗಲೇ ಅಡಗಿದೆ. 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 11ನೆಯ ಕಲಮು ಹೇಳುವಂತೆ, ಒಬ್ಬನು ತನ್ನ ಪರವಾಗಿ ತಾನಾಗಿ ಕೆಲಸ ಮಾಡುವಂತೆ ಯೋಜಿಸಿದ ವ್ಯವಸ್ಥೆಯು ಕಳುಹಿಸಿದ ವಿದ್ಯುನ್ಮಾನ ದಾಖಲೆಯು ಅವನೇ ಕಳುಹಿಸಿದ್ದೆಂದು ಪರಿಗಣಿತವಾಗುತ್ತದೆ. ಆ ಕಾಯಿದೆ ಜಾರಿಗೆ ಬಂದಾಗ ಸೇಡಂ, ಚಿತ್ತಾಪುರಗಳಲ್ಲಿ ಗಣಕವಿದ್ದ ಅಂಗಡಿಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ಆದರೂ ಶಾಸನಕಾರರು ಅಂದೇ ಈ ಗಂಟನ್ನು ಬಿಡಿಸಿಟ್ಟಿದ್ದರು. ಯಂತ್ರದ ನುಡಿಯು ಧಣಿಯ ನುಡಿ ಎಂದಾದ ಮೇಲೆ ಹಕ್ಕೂ ಅವನದೇ, ಹೊಣೆಯೂ ಅವನದೇ.

ಹೊಣೆಯ ಭಾಗ ನಮಗೂ ಅನ್ವಯ

ಕೆನಡಾದ ಏರ್ ಕೆನಡಾ ವಿಮಾನ ಸಂಸ್ಥೆಯ ಜಾಲತಾಣದಲ್ಲಿದ್ದ ಸಂಭಾಷಣಾ ಯಂತ್ರವು, ಬಂಧುವಿನ ಮರಣದ ಕಾರಣ ಪ್ರಯಾಣಿಸುವವರು ರಿಯಾಯಿತಿಯನ್ನು ಆಮೇಲೆ ಕೇಳಬಹುದೆಂದು ಒಬ್ಬ ಪ್ರಯಾಣಿಕನಿಗೆ ತಪ್ಪಾಗಿ ಹೇಳಿತು. ಸಂಸ್ಥೆಯು ಆ ಯಂತ್ರವು ತನ್ನಿಂದ ಬೇರೆಯಾದ ವ್ಯಕ್ತಿಯಿದ್ದಂತೆ, ಅದರ ಮಾತಿಗೆ ಅದೇ ಜವಾಬ್ದಾರಿ ಎಂದು ವಾದಿಸಿತು! 2024ರ ಫೆಬ್ರುವರಿಯಲ್ಲಿ ಬ್ರಿಟಿಷ್ ಕೊಲಂಬಿಯದ ನ್ಯಾಯಮಂಡಳಿಯು ಈ ವಾದವನ್ನು ತಳ್ಳಿಹಾಕಿ ಎಂಟು ನೂರು ಡಾಲರಿಗೂ ಸ್ವಲ್ಪ ಹೆಚ್ಚು ಮೊತ್ತವನ್ನು ಕೊಡಿಸಿತು. ಮೊತ್ತ ಚಿಕ್ಕದು. ಆದರೆ ವಾಟ್ಸಾಪಿನಲ್ಲಿ ತಾನಾಗಿ ಉತ್ತರ ಕೊಡುವ ವ್ಯವಸ್ಥೆ ಮಾಡಿಕೊಂಡ ನಮ್ಮ ಕಲ್ಲಿನ ವ್ಯಾಪಾರಿಗಳು ಅದನ್ನು ಗಮನಿಸಬೇಕು. ‘ಎರಡು ಇಂಚು ದಪ್ಪ, ಚದರ ಅಡಿಗೆ ಇಷ್ಟು, ಸೋಲಾಪುರದವರೆಗೆ ಬಾಡಿಗೆ ಸೇರಿ’ ಎಂದು ಯಂತ್ರ ಹೇಳಿತೆಂದರೆ ಅಂಗಡಿಯೇ ಹೇಳಿದಂತೆ.

ನ್ಯಾಯಸ್ಥಾನಗಳೂ ಇದಕ್ಕೆ ಹೊರತಲ್ಲ. ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಬೆಂಗಳೂರು ಪೀಠವು 2024ರ ಡಿಸೆಂಬರಿನ ಕೊನೆಯಲ್ಲಿ ನೀಡಿದ ಆದೇಶವೊಂದರಲ್ಲಿ ಉಲ್ಲೇಖಿಸಿದ ಕೆಲವು ತೀರ್ಪುಗಳು ಅಸ್ತಿತ್ವದಲ್ಲೇ ಇರಲಿಲ್ಲ; ಕೆಲವೇ ದಿನಗಳಲ್ಲಿ ಪೀಠವು ಆದೇಶವನ್ನು ಹಿಂತೆಗೆದುಕೊಂಡಿತು. ಕೃತಕ ಬುದ್ಧಿಮತ್ತೆಯ ಯಂತ್ರದಿಂದ ಬಂದ ಉಲ್ಲೇಖಗಳೆಂದು ಪತ್ರಿಕೆಗಳು ಶಂಕಿಸಿದವು. 2025ರ ಮಾರ್ಚಿನಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಆರ್. ದೇವದಾಸ್ ಅವರು, ಬೆಂಗಳೂರಿನ ಸಿವಿಲ್ ನ್ಯಾಯಾಧೀಶರೊಬ್ಬರು ಇಲ್ಲದ ತೀರ್ಪುಗಳನ್ನು ಆಧರಿಸಿದ್ದನ್ನು ಕಂಡು ಮುಂದಿನ ಕ್ರಮಕ್ಕಾಗಿ ವಿಷಯವನ್ನು ಮುಖ್ಯ ನ್ಯಾಯಮೂರ್ತಿಗಳ ಮುಂದಿಡಲು ಸೂಚಿಸಿದರು. ನಮ್ಮ ವೃತ್ತಿಯಲ್ಲಿ 2019ರಿಂದ ಪ್ರತಿ ಪ್ರಮಾಣಪತ್ರಕ್ಕೂ ಗಣಕವು ಸೃಷ್ಟಿಸುವ ವಿಶಿಷ್ಟ ಸಂಖ್ಯೆ ಕಡ್ಡಾಯವಾಗಿದೆ. ಸಂಖ್ಯೆ ಗಣಕದ್ದು, ಸಹಿ ನನ್ನದು. ಸೆರೆಮನೆಯ ಭಯವೂ ನನ್ನದೇ.

ವರ್ತಕರು ಇನ್ನೊಂದು ನಿಯಮವನ್ನು ತಿಳಿದಿರಬೇಕು. ಯಂತ್ರದಿಂದ ಕೃತಕವಾಗಿ ಸೃಷ್ಟಿಸಿದ, ನೈಜವೆಂದೇ ತೋರುವ ಚಿತ್ರ, ಧ್ವನಿ, ದೃಶ್ಯಗಳ ಮೇಲೆ ಗುರುತು ಇರಬೇಕೆಂದು 2025ರ ಅಕ್ಟೋಬರಿನಲ್ಲಿ ಕರಡು ಹೊರಡಿಸಿದ ಕೇಂದ್ರ ಸರಕಾರವು 2026ರ ಫೆಬ್ರುವರಿಯಲ್ಲಿ ನಿಯಮಗಳಿಗೆ ತಿದ್ದುಪಡಿ ತಂದಿತು. ದೊಡ್ಡ ಸಾಮಾಜಿಕ ಮಾಧ್ಯಮಗಳಲ್ಲಿ ಹಾಕುವಾಗ ಅದು ಕೃತಕವೆಂದು ಹಾಕುವವನು ಘೋಷಿಸಬೇಕು. ನಿಜವಾದ ಕಲ್ಲಿನ ಛಾಯಾಚಿತ್ರದ ಬೆಳಕು, ಬಣ್ಣ ತಿದ್ದುವುದು ಬೇರೆ. ಗಣಿಯಲ್ಲೇ ಇಲ್ಲದ ಬಣ್ಣದ ಕಲ್ಲನ್ನು ಯಂತ್ರದಿಂದ ಬರೆಸಿ ‘ಅಸಲಿ ಶಹಾಬಾದ’ ಎಂದು ಹಾಕುವುದು ಬೇರೆ. ಎರಡನೆಯದು 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಅಡಿ ದಾರಿತಪ್ಪಿಸುವ ಜಾಹೀರಾತೂ ಆಗಿ, ಮೊದಲ ಸಲಕ್ಕೆ ಹತ್ತು ಲಕ್ಷ ರೂಪಾಯಿಗಳವರೆಗೆ ದಂಡ ತರಬಲ್ಲದು.

ಸರಕಾರದ ಗಣಕ ನುಡಿದಾಗ

2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯು ಯುಪಿಐ ಪಾವತಿಗಳ ಅಂಕಿಅಂಶಗಳನ್ನು ಆಧರಿಸಿ ಸಣ್ಣ ವ್ಯಾಪಾರಿಗಳಿಗೆ ಕಳುಹಿಸಿದ ನೋಟೀಸುಗಳ ನೆನಪು ಯಾರಿಗೂ ಮಾಸಿಲ್ಲ. ತರಕಾರಿ ಮಾರುವವರು, ಹಾಲಿನವರು, ಬೇಕರಿಯವರು ಗಾಬರಿಗೊಂಡು ಕ್ಯೂಆರ್ ಫಲಕಗಳನ್ನು ತೆಗೆದು ಒಳಗಿಟ್ಟರು. ಖಾತೆಗೆ ಬಂದ ಹಣವೆಲ್ಲ ವಹಿವಾಟಲ್ಲ, ವಹಿವಾಟೆಲ್ಲ ತೆರಿಗೆಗೆ ಒಳಪಟ್ಟದ್ದಲ್ಲ. ಮಗನ ಫೀ ಹಣವೂ, ಕೈಗಡವೂ, ತೆರಿಗೆಯಿಲ್ಲದ ಕಾಯಿಪಲ್ಯೆಯೂ ಅದರಲ್ಲೇ ಸೇರಿರುತ್ತವೆ. ಇವು ಅಂತಿಮ ಬೇಡಿಕೆಯಲ್ಲ ಎಂದು ಇಲಾಖೆ ಸ್ಪಷ್ಟಪಡಿಸಿತು, ಹಳೆಯ ಬಾಕಿ ವಸೂಲಿ ಮಾಡುವುದಿಲ್ಲವೆಂದು ಮುಖ್ಯಮಂತ್ರಿಗಳು ಪ್ರಕಟಿಸಿದರು.

ಮೂಲಭೂತ ಹಕ್ಕು ಎಂಬುದು ಪ್ರಭುತ್ವದ ವಿರುದ್ಧ ನಾಗರಿಕನಿಗೆ ಇರುವಂಥದ್ದು. ಆದುದರಿಂದ ಇಲಾಖೆಯ ಗಣಕಕ್ಕೆ ವಾಕ್ ಸ್ವಾತಂತ್ರ್ಯದ ಪ್ರಶ್ನೆಯೇ ಹುಟ್ಟುವುದಿಲ್ಲ. ಅದು ನುಡಿದದ್ದು ಮಾತಲ್ಲ, ಅಧಿಕಾರದ ಚಲಾವಣೆ. ಅಧಿಕಾರ ಚಲಾಯಿಸುವವನು ಕಾರಣ ಹೇಳಬೇಕು, ಎದುರಿನವನ ಅಹವಾಲು ಕೇಳಬೇಕು. ಜಿಎಸ್‌ಟಿ ಜಾಲದಿಂದ ತಾನಾಗಿ ಹೊರಡುವ ಡಿಆರ್‌ಸಿ-01ಬಿ, 01ಸಿ ಸೂಚನೆಗಳಿಗೆ ಏಳು ದಿನಗಳಲ್ಲಿ ಉತ್ತರಿಸಬೇಕೆಂಬುದನ್ನು ಎಷ್ಟೋ ಸದಸ್ಯರು ಮರೆಯುತ್ತಾರೆ. ‘ಗಣಕದಿಂದ ಬಂದದ್ದು, ಯಾರೋ ನೋಡಿಕೊಳ್ಳುತ್ತಾರೆ’ ಎಂಬ ಭಾವನೆ ಸಲ್ಲದು. ಉತ್ತರವನ್ನು ಓದುವವನು ಅಧಿಕಾರಿಯೇ. ಕೇಂದ್ರ ತೆರಿಗೆ ಇಲಾಖೆಗಳ ಪತ್ರವ್ಯವಹಾರದಲ್ಲಿ 2019ರಿಂದ ಇರಬೇಕಾದ ದಾಖಲೆ ಗುರುತು ಸಂಖ್ಯೆಯನ್ನೂ ಪರೀಕ್ಷಿಸಿ ನೋಡಿರಿ. ಆ ಸಂಖ್ಯೆಯಿಲ್ಲದ ಎಷ್ಟೋ ‘ನೋಟೀಸುಗಳು’ ವಂಚಕರ ಕೈಚಳಕ.

ಮತ್ತೆ ಶಹಾಬಾದಕ್ಕೆ

ನಕ್ಷೆಯಲ್ಲಿ ‘ಮುಚ್ಚಲ್ಪಟ್ಟ’ ವರ್ತಕನು ಮಾಡಬೇಕಾದ ಮೊದಲ ಕೆಲಸವೆಂದರೆ ಪುರಾವೆಯನ್ನು ಹಿಡಿದಿಡುವುದು. ತೆರೆಯ ಚಿತ್ರವನ್ನು ದಿನಾಂಕ, ವೇಳೆ ಕಾಣುವಂತೆ ತೆಗೆದಿಟ್ಟು, ಮುಂದೆ ವ್ಯಾಜ್ಯವಾದರೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನಂತೆ ಪ್ರಮಾಣಪತ್ರ ಕೊಡಬೇಕಾಗುತ್ತದೆ. ಅದರ ಒಂದು ಭಾಗವನ್ನು ತಾನು, ಇನ್ನೊಂದನ್ನು ತಜ್ಞನು ತುಂಬಬೇಕು. ಎರಡನೆಯದಾಗಿ, ಮಧ್ಯವರ್ತಿ ಸಂಸ್ಥೆಯ ಕುಂದುಕೊರತೆ ಅಧಿಕಾರಿಗೆ ಲಿಖಿತ ದೂರು. ಆ ಅಧಿಕಾರಿಯ ಹೆಸರನ್ನು ಜಾಲತಾಣದಲ್ಲಿ ಪ್ರಕಟಿಸುವುದು 2021ರ ನಿಯಮಗಳಂತೆ ಕಡ್ಡಾಯ. ಉತ್ತರ ಸಮಾಧಾನಕರವಲ್ಲದಿದ್ದರೆ ಮೂವತ್ತು ದಿನಗಳೊಳಗೆ ಕುಂದುಕೊರತೆ ಮೇಲ್ಮನವಿ ಸಮಿತಿಗೆ ಅಂತರ್ಜಾಲದ ಮೂಲಕವೇ ಹೋಗಬಹುದು, ದೆಹಲಿಗೆ ಅಲೆಯಬೇಕಾಗಿಲ್ಲ.

ಜಾಲ ಮಾರುಕಟ್ಟೆಗಳಲ್ಲಿ ಬೇಳೆ ಮಾರುವವರಿಗೆ 2020ರ ಇ-ವಾಣಿಜ್ಯ ನಿಯಮಗಳು ಇನ್ನೊಂದು ಅಸ್ತ್ರ ಕೊಟ್ಟಿವೆ. ಯಾವ ಮಾರಾಟಗಾರನನ್ನು ಮೇಲೆ, ಯಾರನ್ನು ಕೆಳಗೆ ತೋರಿಸಬೇಕೆಂಬುದನ್ನು ನಿರ್ಧರಿಸುವ ಮುಖ್ಯ ಮಾನದಂಡಗಳನ್ನು ಸರಳ ಭಾಷೆಯಲ್ಲಿ ಎಲ್ಲರಿಗೂ ಸಿಗುವಂತೆ ಸಂಸ್ಥೆಯು ಪ್ರಕಟಿಸಲೇಬೇಕು. ಶ್ರೇಯಾಂಕವು ಪವಿತ್ರ ಅಭಿಪ್ರಾಯವೆಂಬ ಒಕ್ಲಹಾಮದ ವಾದಕ್ಕೆ ಇಲ್ಲಿ ಎಡೆ ಕೊಟ್ಟಿಲ್ಲ. 2018ರ ಫೆಬ್ರುವರಿಯಲ್ಲಿ ಭಾರತೀಯ ಸ್ಪರ್ಧಾ ಆ್ಯೋಗವು ಶೋಧ ಫಲಿತಾಂಶಗಳಲ್ಲಿ ಪಕ್ಷಪಾತ ಮಾಡಿದ್ದಕ್ಕಾಗಿ ಗೂಗಲ್ ಸಂಸ್ಥೆಗೆ 135.86 ಕೋಟಿ ರೂಪಾಯಿ ದಂಡ ವಿಧಿಸಿದಾಗಲೂ, ಫಲಿತಾಂಶಗಳ ಜೋಡಣೆಯನ್ನು ವ್ಯಾಪಾರದ ನಡತೆಯೆಂದೇ ಪರಿಗಣಿಸಿತು. ಸಂಸ್ಥೆಯು ಮೇಲ್ಮನವಿ ಹೋಯಿತು.

ನಮ್ಮ ಕಕ್ಷಿದಾರರ ಎರಡನೆಯ ದೂರಿಗೆ ವಿದ್ಯುತ್ ಬಿಲ್ಲು, ಹಿಂದಿನ ಮೂರು ತಿಂಗಳ ಇ-ವೇ ಬಿಲ್ಲುಗಳು ಮತ್ತು ಜಿಎಸ್‌ಟಿ ವಿವರಣೆಗಳ ಪ್ರತಿಗಳನ್ನು ಲಗತ್ತಿಸಿದೆವು. ಹನ್ನೊಂದು ದಿನಗಳಲ್ಲಿ ಕೆಂಪು ಅಕ್ಷರಗಳು ಹೋದವು. ಅವನ್ನು ತೆಗೆದದ್ದು ಮನುಷ್ಯನೋ ಯಂತ್ರವೋ ಎಂದು ಕೇಳಿ ಬರೆದ ಪತ್ರಕ್ಕೆ ಮಾತ್ರ ಇದುವರೆಗೂ ಉತ್ತರ ಬಂದಿಲ್ಲ.